ಫ್ರೆಂಚ್‌ನ ಪ್ಲ್ಯುಸ್-ಕ-ಪಾರ್ಫೆ: ‘ಹೋಗಿದ್ದೆ’, ‘ಬಂದಿದ್ದರು’ ಅನ್ನುವ ಕಾಲವನ್ನು ಕಟ್ಟುವುದು ಹೇಗೆ?

ಫ್ರೆಂಚ್‌ನಲ್ಲಿ ಎರಡು ಭೂತಕಾಲ ಕಲಿತು ಉಸ್ಸಪ್ಪಾ ಅನ್ನುವಷ್ಟರಲ್ಲಿ ಮೂರನೆಯದು ಬರುತ್ತದೆ. ಪಾಸೇ ಕೋಂಪೋಜ಼ೇ (‘ತಿಂದೆ’) ಆಯ್ತು, ಎಂಪಾರ್ಫೆ (‘ತಿನ್ನುತ್ತಿದ್ದೆ’) ಆಯ್ತು, ಈಗ ಪ್ಲ್ಯುಸ್-ಕ-ಪಾರ್ಫೆ (‘ತಿಂದಿದ್ದೆ’). ಬಿ1 (ಮಧ್ಯಮ) ಮಟ್ಟದ ಪಾಠಗಳಲ್ಲಿ ಇದು ಇದ್ದೇ ಇರುತ್ತದೆ. ದೆಲ್ಫ್ ಪರೀಕ್ಷೆಗೆ ಓದುತ್ತಿರುವವರಿರಲಿ, ಕ್ವಿಬೆಕ್‌ಗೆ ಹೋಗುವ ಲೆಕ್ಕದಲ್ಲಿ ಟಿಸಿಎಫ್ ಬರೆಯುವವರಿರಲಿ, ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಹೆಚ್ಚಿನವರು ಇದನ್ನು ಇಂಗ್ಲಿಷ್‌ನ ‘ಹ್ಯಾಡ್’ ಮೂಲಕ ಕಲಿಯುತ್ತಾರೆ. ನನ್ನ ಪ್ರಕಾರ ಅದು ಸುತ್ತು ದಾರಿ. ಕನ್ನಡದಲ್ಲೇ ಈ ಕಾಲ ಇದೆ. ‘ಬಂದಿದ್ದೆ’ ಅಂದರೆ ‘ಬಂದು’ ಮತ್ತು ‘ಇದ್ದೆ’ ಸೇರಿದ್ದು. ಫ್ರೆಂಚ್‌ನವರು ಮಾಡುವುದೂ ಇದನ್ನೇ, ಕ್ರಮ ಮಾತ್ರ ತಿರುವುಮುರುವು. ಮೊದಲು ‘ಇದ್ದೆ’, ಆಮೇಲೆ ‘ಬಂದು’: ಝೇತೆ ವನ್ಯು. ಹಾಗಂತ ಕನ್ನಡದಲ್ಲಿ ‘ಇದ್ದೆ’ ಬಂದ ಕಡೆಯೆಲ್ಲ ಇದನ್ನು ಹಾಕಿದರೆ ಎಡವುತ್ತೀರಿ. ಎಲ್ಲಿ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದು ನಿಜವಾದ ಪಾಠ. ರೂಪ ಕಟ್ಟುವುದು ಅಷ್ಟೇನೂ ಕಷ್ಟವಿಲ್ಲ.

ಮೊದಲು ಉಚ್ಚಾರದ ಬಗ್ಗೆ ಒಂದು ಮಾತು. ಇಲ್ಲಿ ಫ್ರೆಂಚ್ ಪದಗಳನ್ನು ಕೇಳಿಸುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ‘ಝ’ ಮಹಾಪ್ರಾಣ ಅಲ್ಲ, ಟೆಲಿವಿಷನ್ ಅನ್ನುವುದನ್ನು ಇಂಗ್ಲಿಷ್‌ನವರು ಹೇಳುವಾಗ ನಡುವೆ ಬರುವ ಮೆದು ಸದ್ದು. ‘ಜ಼’ ಅಂದರೆ ಜ಼ೂ ಅನ್ನುವಾಗಿನದು. ಸೊನ್ನೆ ಇದ್ದ ಕಡೆ ಸ್ವರವನ್ನು ಮೂಗಿನಲ್ಲಿ ಹೇಳಿ, ತುಟಿ ಮುಚ್ಚಬೇಡಿ. ‘ತ್ಯು’, ‘ವ್ಯು’ ಅಂತ ಇರುವಲ್ಲಿ ನಾಲಿಗೆ ‘ಈ’ ಅನ್ನಬೇಕು, ತುಟಿ ‘ಊ’ ಅನ್ನಬೇಕು. ಇನ್ನು ‘ಎ’ ಮತ್ತು ‘ಏ’ ವ್ಯತ್ಯಾಸ ಗಮನಿಸಿ. ‘ಎ’ ಬಾಯಿ ತೆರೆದು ಹೇಳುವುದು, ‘ಏ’ ಬಿಗಿಯಾಗಿ ಹೇಳುವುದು. ಈ ಕಾಲದಲ್ಲಿ ಆ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ.

ಹಂತ 1: ‘ಇದ್ದೆ’ ಭಾಗವನ್ನು ಬಾಯಿಪಾಠ ಮಾಡಿ

ಸೂತ್ರ ಇಷ್ಟೇ: ಸಹಾಯಕ ಕ್ರಿಯಾಪದದ ಎಂಪಾರ್ಫೆ ರೂಪ, ಅದರ ಪಕ್ಕದಲ್ಲಿ ಮುಖ್ಯ ಕ್ರಿಯಾಪದದ ಭೂತಕೃದಂತ. ಭೂತಕೃದಂತ ಅಂದರೆ ನಾವು ಸ್ಕೂಲಿನಲ್ಲಿ ಪಾಸ್ಟ್ ಪಾರ್ಟಿಸಿಪಲ್ ಅಂತ ಓದಿದ್ದೇ. ಸಹಾಯಕ ಎರಡೇ ಎರಡು: ಆವ್ವಾರ್ (ಹೊಂದಿರು) ಮತ್ತು ಎತ್ರ್ (ಇರು).

ಆವ್ವಾರ್, ಎಂಪಾರ್ಫೆಯಲ್ಲಿ:

ಝಾವೆ (ನಾನು)
ತ್ಯು ಆವೆ (ನೀನು)
ಇಲ್ ಆವೆ, ಎಲ್ ಆವೆ, ಓನಾವೆ (ಅವನು, ಅವಳು, ಮಾತಿನಲ್ಲಿ ನಾವು)
ನೂಜ಼ಾವ್ಯೋಂ (ನಾವು)
ವೂಜ಼ಾವ್ಯೇ (ನೀವು)
ಇಲ್ಜ಼ಾವೆ, ಎಲ್ಜ಼ಾವೆ (ಅವರು)

ಎತ್ರ್, ಎಂಪಾರ್ಫೆಯಲ್ಲಿ:

ಝೇತೆ
ತ್ಯು ಏತೆ
ಇಲ್ ಏತೆ, ಎಲ್ ಏತೆ, ಓನೇತೆ
ನೂಜ಼ೇತ್ಯೋಂ
ವೂಜ಼ೇತ್ಯೇ
ಇಲ್ಜ಼ೇತೆ, ಎಲ್ಜ಼ೇತೆ

‘ನಾವು’, ‘ನೀವು’ ಬಿಟ್ಟರೆ ಉಳಿದ ಸಾಲೆಲ್ಲ ಒಂದೇ ತರ ಕೇಳಿಸುತ್ತಿವೆ ಅಲ್ವಾ? ಹೌದು, ನಾನು, ನೀನು, ಅವನು, ಅವರು ಎಲ್ಲಕ್ಕೂ ‘ಆವೆ’, ‘ಏತೆ’ ಅನ್ನುವ ಒಂದೇ ಸದ್ದು. ಮಾತಾಡುವವರಿಗೆ ಸುಖ, ಬರೆಯುವವರಿಗೆ ಕಷ್ಟ. ಬರವಣಿಗೆಯಲ್ಲಿ ಬಾಲಗಳು ಬೇರೆ ಬೇರೆ. ನಾನು ಮತ್ತು ನೀನು ಎರಡಕ್ಕೂ ಎ-ಐ-ಎಸ್. ಅವನು, ಅವಳಿಗೆ ಎ-ಐ-ಟಿ. ನಾವು ಅನ್ನುವುದಕ್ಕೆ ಐ-ಓ-ಎನ್-ಎಸ್. ನೀವು ಅನ್ನುವುದಕ್ಕೆ ಐ-ಇ-ಜ಼ೆಡ್. ಅವರಿಗೆ ಎ-ಐ-ಇ-ಎನ್-ಟಿ. ಈ ಬಾಲಗಳನ್ನು ಆವ್ವಾರ್‌ಗೆ ‘ಎ-ವಿ’ ಅನ್ನುವ ಬುಡಕ್ಕೆ ಅಂಟಿಸಿ. ಎತ್ರ್‌ಗೆ, ತಲೆಯ ಮೇಲೆ ಬಲಕ್ಕೆ ಏರುವ ಗೀಟಿರುವ ‘ಇ’, ಅದರ ಪಕ್ಕ ‘ಟಿ’, ಆ ಬುಡಕ್ಕೆ ಅಂಟಿಸಿ. ಎಂಪಾರ್ಫೆಯ ಬುಡ ಸಾಮಾನ್ಯವಾಗಿ ವರ್ತಮಾನದ ‘ನಾವು’ ರೂಪದಿಂದ ಬರುತ್ತದೆ. ಎತ್ರ್ ಒಂದೇ ಆ ನಿಯಮಕ್ಕೆ ಹೊರತು. ಅದಕ್ಕೇ ಅದನ್ನು ಸುಮ್ನೆ ನೆನಪಿಟ್ಟುಕೊಳ್ಳಬೇಕು.

ಈ ಹನ್ನೆರಡು ರೂಪ ಬಾಯಿಗೆ ಬಂದರೆ ಅರ್ಧ ಕೆಲಸ ಮುಗಿಯಿತು. ಪಾಸೇ ಕೋಂಪೋಜ಼ೇ ಗೊತ್ತಿರುವವರಿಗೆ ಉಳಿದ ಅರ್ಧ ಆಗಲೇ ಗೊತ್ತಿದೆ. ಅಲ್ಲಿ ‘ಝೇ ಮಾಂಝೇ’ (ನಾನು ತಿಂದೆ) ಅನ್ನುತ್ತಿದ್ದಿರಿ. ಇಲ್ಲಿ ‘ಝೇ’ ಜಾಗದಲ್ಲಿ ‘ಝಾವೆ’ ಇಡಿ: ಝಾವೆ ಮಾಂಝೇ, ನಾನು ತಿಂದಿದ್ದೆ.

ಹಂತ 2: ಭೂತಕೃದಂತ

ಮೂರು ಗುಂಪು. ಮೂಲ ರೂಪ ಇ-ಆರ್‌ನಲ್ಲಿ ಮುಗಿದರೆ ಕೃದಂತ ಗೀಟಿನ ‘ಇ’ಯಲ್ಲಿ ಮುಗಿಯುತ್ತದೆ: ಪಾರ್ಲೇ (ಮಾತಾಡು), ಮಾಂಝೇ (ತಿನ್ನು), ಶೆರ್ಶೇ (ಹುಡುಕು). ಐ-ಆರ್‌ನಲ್ಲಿ ಮುಗಿದರೆ ಸಾಮಾನ್ಯವಾಗಿ ‘ಐ’: ಫಿನೀರ್ ಹೋಗಿ ಫಿನಿ, ದೋರ್ಮೀರ್ ಹೋಗಿ ದೋರ್ಮಿ. ಆರ್-ಇ ಆದರೆ ಹೆಚ್ಚಾಗಿ ‘ಯು’: ವಾಂದ್ರ್ ಹೋಗಿ ವಾಂದ್ಯು, ಆತಾಂದ್ರ್ ಹೋಗಿ ಆತಾಂದ್ಯು.

ಮೊದಲ ಗುಂಪಿನಲ್ಲಿ ಒಂದು ತಾಪತ್ರಯ ಇದೆ. ‘ಮಾಂಝೇ’ ಅನ್ನುವ ಮೂಲ ರೂಪವೂ ‘ಮಾಂಝೇ’ ಅನ್ನುವ ಕೃದಂತವೂ ಕಿವಿಗೆ ಒಂದೇ. ಬರೆಯುವಾಗ ಒಂದು ಇ-ಆರ್, ಇನ್ನೊಂದು ಗೀಟಿನ ಇ. ಫ್ರಾನ್ಸ್‌ನ ಮಕ್ಕಳೇ ಇದರಲ್ಲಿ ತಪ್ಪುತ್ತಾರೆ. ಅವರಿಗೆ ಶಾಲೆಯಲ್ಲಿ ಹೇಳಿಕೊಡುವ ಉಪಾಯ ನಮಗೂ ಸರಿಹೋಗುತ್ತದೆ. ಆ ಜಾಗದಲ್ಲಿ ‘ವಾಂದ್ರ್’ (ಮಾರು) ಇಟ್ಟು ನೋಡಿ. ‘ಝಾವೆ ವಾಂದ್ಯು’ ಅನ್ನಬೇಕಾಗುತ್ತದೆ, ‘ಝಾವೆ ವಾಂದ್ರ್’ ಅನ್ನಲು ಬಾಯಿ ಒಪ್ಪುವುದಿಲ್ಲ. ಹಾಗಾದರೆ ಅಲ್ಲಿ ಕೃದಂತವೇ ಬರಬೇಕು, ಗೀಟಿನ ಇ ಬರೆಯಿರಿ.

ನಿಯಮ ಮೀರಿದವು ಬಹಳ ಇವೆ. ದಿನಬಳಕೆಯವೇ ಜಾಸ್ತಿ. ಪಟ್ಟಿಯನ್ನು ಅಕಾರಾದಿಯಲ್ಲಿ ಉರು ಹೊಡೆಯಬೇಡಿ, ಸದ್ದಿನ ಪ್ರಕಾರ ಗುಂಪು ಮಾಡಿಕೊಳ್ಳಿ.

‘ಯು’ ಸದ್ದಿನವು: ವ್ವಾರ್ (ನೋಡು) – ವ್ಯು. ಲೀರ್ (ಓದು) – ಲ್ಯು. ಬ್ವಾರ್ (ಕುಡಿ) – ಬ್ಯು. ಸಾವ್ವಾರ್ (ತಿಳಿ) – ಸ್ಯು. ಪೂವ್ವಾರ್ (ಆಗು, ಸಾಧ್ಯವಾಗು) – ಪ್ಯು. ವೂಲ್ವಾರ್ (ಬೇಕು ಅನ್ನು) – ವೂಲ್ಯು. ವನೀರ್ (ಬಾ) – ವನ್ಯು. ವೀವ್ರ್ (ಬದುಕು) – ವೇಕ್ಯು. ದವ್ವಾರ್ (ಮಾಡಬೇಕಾಗು) – ದ್ಯು. ಈ ಕೊನೆಯದರ ಮೇಲೆ ಒಂದು ಪುಟ್ಟ ಟೋಪಿ ಗುರುತು ಹಾಕಬೇಕು, ಅದೂ ಪುಲ್ಲಿಂಗ ಏಕವಚನದಲ್ಲಿ ಮಾತ್ರ.

‘ಇ’ ಸದ್ದಿನವು: ಪ್ರಾಂದ್ರ್ (ತಗೋ) – ಪ್ರಿ. ಮೆತ್ರ್ (ಇಡು, ಹಾಕು) – ಮಿ. ದೀರ್ (ಹೇಳು) – ದಿ. ಏಕ್ರೀರ್ (ಬರೆ) – ಏಕ್ರಿ. ಇವುಗಳ ಕೊನೆಯಲ್ಲಿ ಕೇಳಿಸದ ಒಂದು ಅಕ್ಷರ ಅಡಗಿದೆ. ಮೊದಲೆರಡಕ್ಕೆ ಎಸ್, ಕೊನೆಯೆರಡಕ್ಕೆ ಟಿ. ಅದು ಆಮೇಲೆ ಹೊರಗೆ ಬರುತ್ತದೆ, ಹಂತ 4ರಲ್ಲಿ ನೋಡೋಣ.

ಉಳಿದ ಮುಖ್ಯವಾದವು: ಫೆರ್ (ಮಾಡು) – ಫೆ. ಊವ್ರೀರ್ (ತೆರೆ) – ಊವೆರ್. ಮೂರೀರ್ (ಸಾಯು) – ಮೋರ್. ನೆತ್ರ್ (ಹುಟ್ಟು) – ನೇ.

ಆವ್ವಾರ್ ಮತ್ತು ಎತ್ರ್‌ಗೂ ಕೃದಂತ ಇವೆ. ಆವ್ವಾರ್‌ನದು ಬರೀ ‘ಯು’. ಇ-ಯು ಎಂದು ಎರಡಕ್ಷರ ಬರೆದು ಒಂದೇ ಸದ್ದು ಹೇಳುತ್ತಾರೆ. ಎತ್ರ್‌ನದು ‘ಏತೇ’, ಕೊನೆಗೆ ಬಿಗಿಯಾದ ಏ. ಎರಡಕ್ಕೂ ಸಹಾಯಕ ಆವ್ವಾರ್: ಝಾವೆ ಯು ಪೆರ್ (ನನಗೆ ಭಯವಾಗಿತ್ತು), ಝಾವೆ ಏತೇ ಮಾಲಾದ್ (ನನಗೆ ಹುಷಾರಿರಲಿಲ್ಲ, ಆಮೇಲೆ ಸರಿಹೋಗಿತ್ತು). ಎತ್ರ್‌ಗೆ ಎತ್ರ್ ಸಹಾಯಕ ಆಗುವುದಿಲ್ಲ.

ಹಂತ 3: ಆವ್ವಾರ್ ಬೇಕೋ, ಎತ್ರ್ ಬೇಕೋ?

ಬಹುಪಾಲು ಎಲ್ಲಕ್ಕೂ ಆವ್ವಾರ್. ಎತ್ರ್ ಬೇಕಾದವು ಎರಡು ಬಗೆ.

ಒಂದು, ಹದಿನೈದಿಪ್ಪತ್ತು ಕ್ರಿಯಾಪದಗಳ ಸಣ್ಣ ಗುಂಪು. ಜೋಡಿಯಾಗಿ ಹೇಳಿಕೊಂಡರೆ ಸುಲಭ. ಆಲೇ ಮತ್ತು ವನೀರ್ (ಹೋಗು, ಬಾ). ಆರಿವೇ ಮತ್ತು ಪಾರ್ತೀರ್ (ತಲುಪು, ಹೊರಡು). ಆಂತ್ರೇ ಮತ್ತು ಸೋರ್ತೀರ್ (ಒಳಗೆ ಬರು, ಹೊರಗೆ ಹೋಗು). ಮೋಂತೇ ಮತ್ತು ದೆಸಾಂದ್ರ್ (ಹತ್ತು, ಇಳಿ). ನೆತ್ರ್ ಮತ್ತು ಮೂರೀರ್ (ಹುಟ್ಟು, ಸಾಯು). ಜೋಡಿಯಿಲ್ಲದವು ರೆಸ್ತೇ (ಉಳಿ), ತೋಂಬೇ (ಬೀಳು), ಪಾಸೇ (ಹಾದುಹೋಗು), ರತೂರ್ನೇ (ಮರಳಿ ಹೋಗು). ಇವುಗಳಿಂದ ಹುಟ್ಟಿದ ರವನೀರ್, ದವನೀರ್, ರಾಂತ್ರೇ ಕೂಡ ಇದೇ ಗುಂಪು. ಫ್ರೆಂಚ್ ಮೇಷ್ಟ್ರುಗಳು ಇದಕ್ಕೆ ಒಂದು ಮನೆಯ ಚಿತ್ರ ಬರೆಯುತ್ತಾರೆ. ಬಾಗಿಲಿನಿಂದ ಒಬ್ಬ ಒಳಗೆ ಬರುತ್ತಾನೆ, ಒಬ್ಬ ಮೆಟ್ಟಿಲು ಹತ್ತುತ್ತಾನೆ, ಒಬ್ಬ ಕಿಟಕಿಯಿಂದ ಬೀಳುತ್ತಾನೆ. ಇಂಗ್ಲಿಷ್ ಮೂಲಕ ಕಲಿತವರು ಡಾಕ್ಟರ್ ಆಂಡ್ ಮಿಸೆಸ್ ವಾಂಡರ್‌ಟ್ರಾಂಪ್ ಅಂತ, ಅಕ್ಷರಕ್ಕೊಂದು ಕ್ರಿಯಾಪದದ ಹಾಗೆ, ನೆನಪಿಟ್ಟುಕೊಳ್ಳುತ್ತಾರೆ. ಮನೆಯ ಚಿತ್ರವೇ ವಾಸಿ.

‘ಚಲನೆಯ ಕ್ರಿಯಾಪದಗಳಿಗೆ ಎತ್ರ್’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಡೆಯುವ ಮಾರ್ಶೇ, ಓಡುವ ಕೂರೀರ್, ಈಜುವ ನಾಝೇ, ಪ್ರಯಾಣ ಮಾಡುವ ವ್ವಾಯಾಝೇ ಎಲ್ಲಕ್ಕೂ ಆವ್ವಾರ್. ಅಲ್ಲಾಡದೆ ಉಳಿಯುವ ರೆಸ್ತೇಗೆ ಎತ್ರ್!

ಎರಡನೆಯ ಬಗೆ, ‘ಸ’ ಹಚ್ಚಿಕೊಂಡು ಬರುವ ಕ್ರಿಯಾಪದಗಳು. ಸ ಲವೇ (ಏಳು), ಸ ಲಾವೇ (ತೊಳೆದುಕೊಳ್ಳು), ಸಾಬಿಯೇ (ಬಟ್ಟೆ ಹಾಕಿಕೊಳ್ಳು). ಕನ್ನಡದಲ್ಲಿ ‘-ಕೊಳ್ಳು’ ಬರುವ ಕಡೆ ಹಲವು ಸಲ ಇವು ಬರುತ್ತವೆ, ಆದರೆ ಯಾವಾಗಲೂ ಅಲ್ಲ. ಇವಕ್ಕೆಲ್ಲ ಎತ್ರ್: ಝ ಮೇತೆ ಲವೇ (ನಾನು ಎದ್ದಿದ್ದೆ), ನೂ ನೂಜ಼ೇತ್ಯೋಂ ಲವೇ (ನಾವು ಎದ್ದಿದ್ದೆವು).

ಮನೆ ಗುಂಪಿನಲ್ಲಿ ಕೆಲವು ಎರಡು ಬಣ್ಣದವು. ‘ಯಾರು ಹೊರಗೆ ಹೋದರು’ ಅಂದರೆ ಎತ್ರ್. ‘ಏನನ್ನು ಹೊರಗೆ ತೆಗೆದರು’ ಅಂದರೆ ಆವ್ವಾರ್. ಇಲ್ ಏತೆ ಸೋರ್ತಿ: ಅವನು ಹೊರಗೆ ಹೋಗಿದ್ದ. ಇಲ್ ಆವೆ ಸೋರ್ತಿ ಲಾ ಪೂಬೆಲ್: ಅವನು ಕಸದ ಡಬ್ಬಿ ಹೊರಗೆ ಇಟ್ಟಿದ್ದ. ಕನ್ನಡದವರಿಗೆ ಇದು ಹೊಸದೇನಲ್ಲ. ಇಳಿದಿದ್ದ ಬೇರೆ, ಇಳಿಸಿದ್ದ ಬೇರೆ. ಹತ್ತಿದ್ದ ಬೇರೆ, ಹತ್ತಿಸಿದ್ದ ಬೇರೆ. ನಾವು ‘-ಇಸು’ ಸೇರಿಸಿ ಮಾಡುವ ಕೆಲಸವನ್ನು ಇಲ್ಲಿ ಸಹಾಯಕ ಬದಲಿಸಿ ಮಾಡುತ್ತಾರೆ. ಮೋಂತೇ, ದೆಸಾಂದ್ರ್, ಪಾಸೇ, ರಾಂತ್ರೇ, ರತೂರ್ನೇ ಎಲ್ಲವೂ ಹೀಗೇ.

ಹಂತ 4: ಬಾಲ ಹೊಂದಿಸುವುದು

ಎತ್ರ್ ಬಂದಾಗ ಕೃದಂತ ಕರ್ತೃವಿನ ಲಿಂಗ, ವಚನಕ್ಕೆ ಹೊಂದಬೇಕು. ಸ್ತ್ರೀಲಿಂಗಕ್ಕೆ ಕೊನೆಗೆ ಒಂದು ‘ಇ’, ಬಹುವಚನಕ್ಕೆ ಒಂದು ‘ಎಸ್’, ಎರಡೂ ಇದ್ದರೆ ‘ಇ-ಎಸ್’. ಎಲ್ ಏತೆ ಪಾರ್ತಿ (ಅವಳು ಹೊರಟಿದ್ದಳು) ಅನ್ನುವಲ್ಲಿ ಪಾರ್ತಿಗೆ ಇ ಸೇರುತ್ತದೆ, ಕಿವಿಗೆ ಏನೂ ಗೊತ್ತಾಗುವುದಿಲ್ಲ. ಎಲ್ ಏತೆ ಮೋರ್ತ್ (ಅವಳು ತೀರಿಕೊಂಡಿದ್ದಳು) ಅನ್ನುವಲ್ಲಿ ಕೇಳಿಸುತ್ತದೆ.

‘ನೀವು ಬಂದಿದ್ದಿರಿ’ ಅನ್ನುವ ಒಂದೇ ವಾಕ್ಯ ನೋಡಿ: ವೂಜ಼ೇತ್ಯೇ ವನ್ಯು. ಇದನ್ನು ನಾಲ್ಕು ತರ ಬರೆಯಬಹುದು. ಒಬ್ಬ ಯಜಮಾನರಿಗೆ ಗೌರವದಿಂದ ಹೇಳಿದರೆ ಬರೀ ವನ್ಯು. ಒಬ್ಬ ಮೇಡಂಗೆ ಹೇಳಿದರೆ ಇ ಸೇರಿಸಿ. ಹಲವು ಗಂಡಸರು, ಅಥವಾ ಗಂಡಸರು ಹೆಂಗಸರು ಸೇರಿದ ಗುಂಪಾದರೆ ಎಸ್. ಎಲ್ಲರೂ ಹೆಂಗಸರಾದರೆ ಇ-ಎಸ್. ಹೇಳುವುದು ಮಾತ್ರ ನಾಲ್ಕೂ ಒಂದೇ. ಪರೀಕ್ಷೆಯಲ್ಲಿ ಪತ್ರ ಬರೆಯುವಾಗ ಯಾರಿಗೆ ಬರೆಯುತ್ತಿದ್ದೀರಿ ಅನ್ನುವುದನ್ನು ಮರೆಯಬೇಡಿ. ಅಂಕ ಹೋಗುವುದು ಇಲ್ಲೇ.

ಆವ್ವಾರ್ ಬಂದಾಗ ಕರ್ತೃವಿಗೆ ಹೊಂದಿಸುವ ಹಾಗಿಲ್ಲ. ಎಲ್ ಆವೆ ಮಾಂಝೇ, ಅವಳಾದರೂ ಇ ಬೇಡ. ಆದರೆ ಕರ್ಮಪದ ಕ್ರಿಯಾಪದಕ್ಕಿಂತ ಮುಂಚೆ ಬಂದುಬಿಟ್ಟರೆ ಆ ಕರ್ಮಕ್ಕೆ ಹೊಂದಿಸಬೇಕು. ‘ನಾನು ಪತ್ರ ಬರೆದಿದ್ದೆ’: ಝಾವೆ ಏಕ್ರಿ ಲಾ ಲೆತ್ರ್. ‘ನಾನು ಬರೆದಿದ್ದ ಪತ್ರ’: ಲಾ ಲೆತ್ರ್ ಕ ಝಾವೆ ಏಕ್ರಿತ್. ಪತ್ರ ಸ್ತ್ರೀಲಿಂಗ, ಮುಂಚೆ ಬಂದಿದೆ, ಅದಕ್ಕೇ ಕೊನೆಗೆ ಇ ಸೇರಿತು. ಅಡಗಿದ್ದ ‘ತ್’ ಹೊರಗೆ ಬಂತು. ಹಾಗೇ ‘ನಾನು ತಗೊಂಡಿದ್ದ ಬೀಗದ ಕೈ’: ಲಾ ಕ್ಲೇ ಕ ಝಾವೆ ಪ್ರಿಜ಼್. ಮಾತಿನಲ್ಲಿ ವ್ಯತ್ಯಾಸ ಕೇಳಿಸುವುದು ಪ್ರಿ, ಮಿ, ದಿ, ಏಕ್ರಿ, ಫೆ, ಊವೆರ್‌ನಂಥ ಕೆಲವಕ್ಕೆ ಮಾತ್ರ. ಮೊದಲು ಇವನ್ನು ಸರಿಮಾಡಿಕೊಳ್ಳಿ, ಉಳಿದದ್ದು ಬರೆಯುವಾಗ ನೋಡಿಕೊಂಡರಾಯ್ತು.

ಈ ನಿಯಮ ಜನರ ಬಾಯಲ್ಲಿ ತಾನಾಗಿ ಬೆಳೆದದ್ದಲ್ಲ. 16ನೇ ಶತಮಾನದ ಕವಿ ಕ್ಲೇಮಾಂ ಮಾರೋ ಇಟಾಲಿಯನ್ ಭಾಷೆಯನ್ನು ಮಾದರಿಯಾಗಿ ಇಟ್ಟುಕೊಂಡು ಇದನ್ನು ಎತ್ತಿಹಿಡಿದ. 2018ರಲ್ಲಿ ಬೆಲ್ಜಿಯಂನ ಇಬ್ಬರು ಮಾಜಿ ಶಿಕ್ಷಕರು, ಆವ್ವಾರ್ ಜೊತೆ ಬಂದರೆ ಕೃದಂತವನ್ನು ಬದಲಿಸುವುದೇ ಬೇಡ ಎಂದು ಪತ್ರಿಕೆಯಲ್ಲಿ ಬರೆದು ದೊಡ್ಡ ಚರ್ಚೆ ಎಬ್ಬಿಸಿದ್ದರು. ನನ್ನ ಓಟು ಅವರಿಗೇ. ಆದರೆ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವವರು ಇನ್ನೂ ಹಳೆಯ ನಿಯಮದವರು.

‘ಸ’ ಕ್ರಿಯಾಪದಗಳಲ್ಲಿ ಒಂದು ತಿರುವು ಇದೆ. ಎಲ್ ಸೇತೆ ಲಾವೇ (ಅವಳು ಮೈ ತೊಳೆದುಕೊಂಡಿದ್ದಳು), ಇಲ್ಲಿ ಇ ಬೇಕು. ಎಲ್ ಸೇತೆ ಲಾವೇ ಲೇ ಮೆಂ (ಅವಳು ಕೈ ತೊಳೆದುಕೊಂಡಿದ್ದಳು), ಇಲ್ಲಿ ಇ ಬೇಡ. ತೊಳೆದದ್ದು ಕೈಯನ್ನು, ಆ ಕೈ ಕ್ರಿಯಾಪದದ ಆಮೇಲೆ ಬಂದಿದೆ. ಒಬ್ಬರಿಗೊಬ್ಬರು ಮಾತಾಡಿಕೊಂಡಿದ್ದರು ಅನ್ನುವ ‘ಇಲ್ ಸೇತೆ ಪಾರ್ಲೇ’ಯಲ್ಲೂ ಏನೂ ಸೇರಿಸುವುದಿಲ್ಲ. ಫ್ರೆಂಚ್‌ನಲ್ಲಿ ಯಾರ‘ನ್ನು’ ಅಲ್ಲ, ಯಾರಿ‘ಗೆ’ ಮಾತಾಡುವುದು.

ಹಂತ 5: ಇಲ್ಲ, ಏನೂ ಇಲ್ಲ, ಆಗಲೇ

‘ನ’ ಮತ್ತು ‘ಪಾ’ ಸಹಾಯಕವನ್ನು ಮಾತ್ರ ಹಿಡಿದುಕೊಳ್ಳುತ್ತವೆ, ಕೃದಂತ ಹೊರಗೆ ಉಳಿಯುತ್ತದೆ. ಝ ನಾವೆ ಪಾ ಮಾಂಝೇ: ನಾನು ಊಟ ಮಾಡಿರಲಿಲ್ಲ. ‘ಏನೂ’ ಅನ್ನುವ ರ್ಯೆಂ ಕೂಡ ನಡುವೆಯೇ: ಝ ನಾವೆ ರ್ಯೆಂ ವ್ಯು. ಆದರೆ ‘ಯಾರನ್ನೂ’ ಅನ್ನುವ ಪೆರ್ಸೋನ್ ಕೃದಂತದ ಆಮೇಲೆ: ಝ ನಾವೆ ವ್ಯು ಪೆರ್ಸೋನ್. ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಳ್ಳದೆ ಈ ಎರಡು ವಾಕ್ಯಗಳನ್ನು ಜೋಡಿಯಾಗಿ ಕಲಿತುಬಿಡಿ.

ದೇಝಾ (ಆಗಲೇ), ಬ್ಯೆಂ (ಚೆನ್ನಾಗಿ), ಮಾಲ್ (ಕೆಟ್ಟದಾಗಿ), ತೂಝೂರ್ (ಯಾವಾಗಲೂ) ಇಂಥ ಚಿಕ್ಕ ಪದಗಳೂ ನಡುವೆ ಕೂರುತ್ತವೆ. ‘ಅದನ್ನು’, ‘ಅವನಿಗೆ’ ಅನ್ನುವ ಸರ್ವನಾಮಗಳು ಸಹಾಯಕದ ಮುಂದೆ: ಝ ಲ ಲ್ವಿ ಆವೆ ದಿ, ಅದನ್ನು ಅವನಿಗೆ ಹೇಳಿದ್ದೆ. ಪ್ರಶ್ನೆಗೆ ಮಾತಿನಲ್ಲಿ ಧ್ವನಿ ಏರಿಸಿದರೆ ಸಾಕು, ಅಥವಾ ಮುಂದೆ ‘ಎಸ್ ಕ’ ಇಡಿ. ಶಿಷ್ಟವಾಗಿ ಬರೆಯುವಾಗ ಸಹಾಯಕ ಮುಂದೆ ಬರುತ್ತದೆ: ಆವ್ಯೇ-ವೂ ದೇಝಾ ಮಾಂಝೇ?

ಹಂತ 6: ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು

ಇಲ್ಲಿ ನಿಧಾನವಾಗಿ ಹೋಗೋಣ. ಪ್ಲ್ಯುಸ್-ಕ-ಪಾರ್ಫೆ ತಾನೊಂದೇ ನಿಲ್ಲುವುದಿಲ್ಲ. ಹಿಂದೆ ನಡೆದ ಒಂದು ಸಂಗತಿ ಇರಬೇಕು, ಅದಕ್ಕಿಂತ ಹಿಂದೆ ಇನ್ನೊಂದು ಮುಗಿದಿರಬೇಕು. ಕಾಂ ಝ ಸ್ವಿ ಆರಿವೇ ಆ ಲಾ ಗಾರ್, ಲ ತ್ರೆಂ ಏತೆ ದೇಝಾ ಪಾರ್ತಿ. ನಾನು ಸ್ಟೇಷನ್ ತಲುಪಿದಾಗ ರೈಲು ಆಗಲೇ ಹೊರಟಿತ್ತು. ತಲುಪಿದ್ದು ಒಂದು, ಹೊರಟದ್ದು ಅದಕ್ಕೂ ಮುಂಚೆ. ಕಾರಣ ಹೇಳುವಾಗಲೂ ಹೀಗೆಯೇ: ಝೇತೆ ಫಾತಿಗೇ ಪಾರ್ಸ್ ಕ ಝಾವೆ ಮಾಲ್ ದೋರ್ಮಿ. ಸುಸ್ತಾಗಿದ್ದೆ, ಯಾಕೆಂದರೆ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಆ ಇನ್ನೊಂದು ಸಂಗತಿ ಬಾಯಿ ಬಿಟ್ಟು ಹೇಳದೆಯೂ ಇರಬಹುದು. ‘ಝ ತ ಲಾವೆ ದಿ!’ ಅಂದರೆ ‘ನಾನು ಹೇಳಿದ್ದೆ ಅಲ್ವಾ!’ ಹೇಳಿದ ಮೇಲೆ ನೀನು ಕೇಳಲಿಲ್ಲ, ಈಗ ಅನುಭವಿಸು ಅನ್ನುವುದು ಒಳಗೇ ಇದೆ.

ಒಂದು ಸಣ್ಣ ಕಥೆ ತಗೊಂಡು ನೋಡೋಣ.

‘ಭಾನುವಾರ ಸಂಜೆ ಸೋಫಿ ಲಿಯೋನ್‌ನ ತನ್ನ ಮನೆಗೆ ವಾಪಸ್ ಬಂದಳು. ಒಳಗೆ ಹಿತವಾಗಿ ಬೆಚ್ಚಗಿತ್ತು. ಪಕ್ಕದ ಮನೆಯವರು ಹೀಟರ್ ಹಾಕಿದ್ದರು. ಗಿಡಗಳಿಗೆ ನೀರೂ ಹಾಕಿದ್ದರು. ಆದರೆ ಬೆಕ್ಕು ಹೊರಗೆ ಹೋಗಿಬಿಟ್ಟಿತ್ತು. ಸೋಫಿ ಅದನ್ನು ಕರೆದಳು.’

ಕಥೆ ಮುಂದಕ್ಕೆ ಹೋಗುವುದು ಎರಡು ಕಡೆ: ವಾಪಸ್ ಬಂದಳು, ಕರೆದಳು. ಅವೆರಡೂ ಪಾಸೇ ಕೋಂಪೋಜ಼ೇ. ಬೆಚ್ಚಗಿತ್ತು ಅನ್ನುವುದು ಆಗಿನ ಸ್ಥಿತಿ, ಅದು ಎಂಪಾರ್ಫೆ. ಉಳಿದ ಮೂರು ಸೋಫಿ ಬಾಗಿಲು ತೆಗೆಯುವ ಮುಂಚೆಯೇ ಆಗಿಹೋದವು, ಅವು ಪ್ಲ್ಯುಸ್-ಕ-ಪಾರ್ಫೆ.

ದಿಮಾಂಶ್ ಸ್ವಾರ್, ಸೋಫಿ ಎ ರಾಂತ್ರೇ ಶೇಜ಼ೆಲ್, ಆ ಲ್ಯೋಂ. ಇಲ್ ಫಜ಼ೆ ಬೋಂ. ಲಾ ವ್ವಾಜ಼ಿನ್ ಆವೆ ಆಲ್ಯುಮೇ ಲ ಶೋಫಾಝ್. ಎಲ್ ಆವೆ ಓಸಿ ಆರೋಜ಼ೇ ಲೇ ಪ್ಲಾಂತ್. ಮೆ ಲ ಶಾ ಏತೆ ಸೋರ್ತಿ. ಸೋಫಿ ಲಾ ಆಪ್ಲೇ.

ಇದರಲ್ಲಿ ‘ಆವೆ’, ‘ಏತೆ’ಗಳನ್ನೆಲ್ಲ ತೆಗೆದು ಬರೀ ಪಾಸೇ ಕೋಂಪೋಜ಼ೇ ಹಾಕಿದರೆ ಏನಾಗುತ್ತದೆ? ಸೋಫಿ ಬಂದಳು, ಆಮೇಲೆ ಪಕ್ಕದ ಮನೆಯವರು ಬಂದು ಹೀಟರ್ ಹಾಕಿದರು, ಗಿಡಕ್ಕೆ ನೀರು ಹಾಕಿದರು, ಬೆಕ್ಕು ಹೊರಗೆ ಹೋಯಿತು ಅಂತ ಕಥೆಯೇ ಬೇರೆಯಾಗುತ್ತದೆ.

ಈಗ ಕನ್ನಡದ ಕಿವಿ ಎಲ್ಲಿ ಮೋಸ ಮಾಡುತ್ತದೆ ನೋಡೋಣ. ನಮ್ಮ ‘ಇದ್ದ’ ಬಹಳ ಕೆಲಸ ಮಾಡುತ್ತದೆ, ಫ್ರೆಂಚ್‌ನಲ್ಲಿ ಆ ಕೆಲಸಗಳು ಬೇರೆ ಬೇರೆ ಕಾಲಗಳಿಗೆ ಹಂಚಿಹೋಗಿವೆ.

‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ’ ಅನ್ನುತ್ತೇವೆ. ಬಂದು ಹೋದೆ, ಈಗ ಅಲ್ಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ಇನ್ನೊಂದು ಹಿಂದಿನ ಸಂಗತಿಗೆ ಹೋಲಿಕೆ ಇಲ್ಲ. ಫ್ರೆಂಚ್‌ನಲ್ಲಿ ಇದು ಪಾಸೇ ಕೋಂಪೋಜ಼ೇ: ಝ ಸ್ವಿ ವನ್ಯು ಯೆರ್. ನಾವು ಇಂಗ್ಲಿಷ್ ಮಾತಾಡುವಾಗಲೂ ‘ಐ ಹ್ಯಾಡ್ ಕಮ್ ಯೆಸ್ಟರ್‌ಡೇ’ ಅನ್ನುವುದು ಇದೇ ಅಭ್ಯಾಸದಿಂದ. ಕನ್ನಡ ಮಾತಾಡುವವರ ಫ್ರೆಂಚ್‌ನಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಇದೊಂದೇ. ‘ಯಾವುದಕ್ಕಿಂತ ಮುಂಚೆ?’ ಅಂತ ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಪ್ಲ್ಯುಸ್-ಕ-ಪಾರ್ಫೆ ಬೇಡ.

‘ತಾತ ಕೂತಿದ್ದರು’, ‘ಮಗು ಮಲಗಿತ್ತು’. ಇಲ್ಲೂ ಇದ್ದರು, ಇತ್ತು ಇದೆ. ಆದರೆ ಹೇಳುತ್ತಿರುವುದು ಸ್ಥಿತಿ. ಫ್ರೆಂಚ್‌ನಲ್ಲಿ ಎಂಪಾರ್ಫೆ: ಲಾಂಫಾಂ ದೋರ್ಮೆ (ಮಗು ಮಲಗಿತ್ತು). ‘ಬಾಗಿಲು ತೆರೆದಿತ್ತು’ ಇನ್ನೂ ಮಜವಾಗಿದೆ: ಲಾ ಪೋರ್ತ್ ಏತೆ ಊವೆರ್ತ್. ನೋಡಲು ಥೇಟ್ ಪ್ಲ್ಯುಸ್-ಕ-ಪಾರ್ಫೆ. ಅಲ್ಲ. ಊವ್ರೀರ್‌ಗೆ ಸಹಾಯಕ ಆವ್ವಾರ್ ತಾನೆ? ಹಾಗಾದರೆ ಈ ‘ಏತೆ’ ಬರೀ ‘ಇತ್ತು’, ಊವೆರ್ತ್ ಇಲ್ಲಿ ಗುಣವಾಚಕ. ‘ಯಾರೋ ಬಾಗಿಲು ತೆರೆದಿದ್ದರು’ ಅನ್ನಬೇಕಾದರೆ ಕೆಲ್ಕೆಂ ಆವೆ ಊವೆರ್ ಲಾ ಪೋರ್ತ್.

‘ಆಗಷ್ಟೇ ಊಟ ಮಾಡಿದ್ದೆ’ ಅನ್ನಲು ಫ್ರೆಂಚ್‌ನವರು ಬೇರೆ ದಾರಿ ಹಿಡಿಯುತ್ತಾರೆ. ವನೀರ್‌ನ ಎಂಪಾರ್ಫೆ, ‘ದ’, ಮೂಲ ರೂಪ: ಝ ವನೆ ದ ಮಾಂಝೇ. ಇಲ್ಲಿ ಮಾಂಝೇ ಇ-ಆರ್‌ನದು.

ಬೇರೆಯವರ ಮಾತನ್ನು ಹೇಳುವಾಗ ಉಲ್ಟಾ ತೊಂದರೆ. ಕನ್ನಡದಲ್ಲಿ ‘ಕೆಲಸ ಮುಗಿಸಿದೆ ಅಂತ ಹೇಳಿದ’ ಅನ್ನುತ್ತೇವೆ, ಅವನ ಮಾತು ಹಾಗೇ ಇರುತ್ತದೆ. ಫ್ರೆಂಚ್‌ನಲ್ಲಿ ಹೇಳಿದ್ದು ಭೂತಕಾಲದಲ್ಲಿದ್ದರೆ ಒಳಗಿನ ಪಾಸೇ ಕೋಂಪೋಜ಼ೇ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ: ಇಲ್ ಮಾ ದಿ ಕಿಲ್ ಆವೆ ಫಿನಿ. ನಮಗೆ ‘ಇದ್ದ’ ಕೇಳಿಸದ ಕಡೆ ಅವರಿಗೆ ಬೇಕು. ಒಳಗಿನ ಮಾತು ಎಂಪಾರ್ಫೆಯಲ್ಲಿದ್ದರೆ ಅದು ಹಾಗೇ ಉಳಿಯುತ್ತದೆ.

ಎರಡು ಕಡೆ ಕನ್ನಡ ಅಚ್ಚುಕಟ್ಟಾಗಿ ಹೊಂದುತ್ತದೆ. ಒಂದು, ‘-ಇದ್ದರೆ’. ‘ನೀನು ಹೇಳಿದ್ದರೆ ಬರುತ್ತಿದ್ದೆ’: ಸಿ ತ್ಯು ಮ ಲಾವೆ ದಿ, ಝ ಸರೆ ವನ್ಯು. ‘ಸಿ’ ಇರುವ ಭಾಗಕ್ಕೆ ಪ್ಲ್ಯುಸ್-ಕ-ಪಾರ್ಫೆ, ಇನ್ನೊಂದು ಭಾಗಕ್ಕೆ ಕೋಂದಿಸ್ಯೋನೆಲ್ ಪಾಸೇ, ಅಂದರೆ ‘ಹಾಗಾಗಿದ್ದರೆ ಹೀಗೆ ಮಾಡುತ್ತಿದ್ದೆ’ ಅನ್ನುವ ರೂಪ. ಈ ‘ಸಿ’ ಪಕ್ಕ ಕೋಂದಿಸ್ಯೋನೆಲ್ ಹಾಕಿದರೆ ಯಾವ ಮೇಷ್ಟ್ರೂ ಸುಮ್ಮನೆ ಬಿಡುವುದಿಲ್ಲ. ಎರಡನೇ ಭಾಗ ಬಿಟ್ಟು ‘ಸಿ ಸೆಲ್ಮಾಂ ಝಾವೆ ಸ್ಯು!’ ಅಂದರೆ ‘ಮೊದಲೇ ಗೊತ್ತಿದ್ದಿದ್ದರೆ!’ ಅನ್ನುವ ಪೇಚಾಟ.

ಇನ್ನೊಂದು, ಸಂಕೋಚದ ಮಾತು. ಯಾರದೋ ಮನೆಗೆ ಹೋಗಿ, ಎದುರಿಗೆ ನಿಂತೇ ‘ಒಂದು ಸಹಾಯ ಕೇಳೋಣ ಅಂತ ಬಂದಿದ್ದೆ’ ಅನ್ನುತ್ತೇವಲ್ಲ, ಫ್ರೆಂಚ್‌ನವರೂ ಹಾಗೇ ಅನ್ನುತ್ತಾರೆ: ಝೇತೆ ವನ್ಯು ವೂ ದಮಾಂದೇ ಎಂ ಸೆರ್ವಿಸ್. ಅವರ ವ್ಯಾಕರಣದವರು ಇದಕ್ಕೆ ವಿನಯದ ಪ್ಲ್ಯುಸ್-ಕ-ಪಾರ್ಫೆ ಅಂತಲೇ ಹೆಸರಿಟ್ಟಿದ್ದಾರೆ. ಇಂಗ್ಲಿಷ್ ಮೂಲಕ ಕಲಿತವರಿಗೆ ಇದು ಹೊಳೆಯುವುದು ಕಷ್ಟ, ನಮಗೆ ತಾನಾಗಿ ಬರುತ್ತದೆ.

ಹಳೆಯ ಕಾದಂಬರಿ ಓದುವಾಗ ‘ಇಲ್ ಯು ಫಿನಿ’ ಅನ್ನುವಂಥ ರೂಪ ಸಿಕ್ಕರೆ ಗಾಬರಿ ಬೇಡ. ಅದು ಪಾಸೇ ಆಂತೇರ್ಯೆರ್, ಬರವಣಿಗೆಗೆ ಮಾತ್ರ ಸೀಮಿತ. ಗುರುತು ಹಿಡಿದರೆ ಸಾಕು.

ಮಾಡಿ ನೋಡಿ

ಉತ್ತರ ನೋಡುವ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಐದರಲ್ಲಿ ಎಲ್ಲವೂ ಪ್ಲ್ಯುಸ್-ಕ-ಪಾರ್ಫೆ ಅಲ್ಲ.

1. ನಾವು ಥಿಯೇಟರ್ ತಲುಪಿದಾಗ ಸಿನಿಮಾ ಶುರುವಾಗಿತ್ತು.
2. ಅಜ್ಜಿ ಕುರ್ಚಿಯ ಮೇಲೆ ಕೂತಿದ್ದರು.
3. ನೀನು ಫೋನ್ ಮಾಡಿದ್ದರೆ ಕಾಯುತ್ತಿದ್ದೆ.
4. ಅವಳು ಇನ್ನೂ ಎದ್ದಿರಲಿಲ್ಲ.
5. ಹೋದ ವರ್ಷ ನಾವು ಪುದುಚೇರಿಗೆ ಹೋಗಿದ್ದೆವು.

ಉತ್ತರಗಳು:

1. ಕಾಂ ನೂ ಸೋಮ್ಜ಼ಾರಿವೇ ಓ ಸಿನೇಮಾ, ಲ ಫಿಲ್ಮ್ 'ಆವೆ ಕೋಮಾಂಸೇ'. ತಲುಪುವುದಕ್ಕಿಂತ ಮುಂಚೆ ಶುರುವಾಗಿದ್ದರಿಂದ ಪ್ಲ್ಯುಸ್-ಕ-ಪಾರ್ಫೆ.
2. ಮಾ ಗ್ರಾಂ-ಮೆರ್ ಏತೆ ಆಸಿಜ಼್ ಸ್ಯುರ್ ಯುನ್ ಶೆಜ಼್. ಸ್ಥಿತಿ, ಹಾಗಾಗಿ ಎಂಪಾರ್ಫೆ. ಆಸಿಜ಼್ ಗುಣವಾಚಕ, ಅಜ್ಜಿಗೆ ಹೊಂದಿಕೊಂಡಿದೆ.
3. ಸಿ ತ್ಯು ಆವೆ ತೇಲೇಫೋನೇ, ಝೋರೆ ಆತಾಂದ್ಯು. ‘ಸಿ’ ಪಕ್ಕ ಪ್ಲ್ಯುಸ್-ಕ-ಪಾರ್ಫೆ.
4. ಎಲ್ ನ ಸೇತೆ ಪಾಜ಼ಾಂಕೋರ್ ಲವೇ. ‘ಸ’ ಇರುವುದರಿಂದ ಎತ್ರ್, ಅವಳಾದ್ದರಿಂದ ಬರೆಯುವಾಗ ಲವೇಗೆ ಇನ್ನೊಂದು ಇ.
5. ಲಾನೇ ದೆರ್ನ್ಯೆರ್, ನೂ ಸೋಮ್ಜ಼ಾಲೇ ಆ ಪೋಂದಿಶೇರಿ. ಬರೀ ಪಾಸೇ ಕೋಂಪೋಜ಼ೇ. ಇದರ ಮುಂದೆ ‘ಅದಕ್ಕೇ ಈ ವರ್ಷ ಕೇಳಿದಾಗ ಬೇಡ ಅಂದೆವು’ ಅಂತ ಇನ್ನೊಂದು ಹಿಂದಿನ ಸಂಗತಿ ಸೇರಿಸಿದರೆ ಮಾತ್ರ ‘ನೂಜ಼ೇತ್ಯೋಂಜ಼ಾಲೇ’ ಅನ್ನಬಹುದು. ಆಗ ‘ದೆರ್ನ್ಯೆರ್’ ಜಾಗದಲ್ಲಿ ‘ಪ್ರೇಸೇದಾಂತ್’ (ಅದರ ಹಿಂದಿನ) ಬಂದರೆ ಇನ್ನೂ ಚೆನ್ನ.